ತಿರಸ್ಕಾರಮಣಿದರ್ಪಣ: ಬಿಡದಿ ಕಾಂಡ

ಸೂತ್ರ: ಒಲ್ಲದುದಂ ಒಲ್ಲೆನೆಂದು ಪೇಳ್ವ ನುಡಿಯೆ ತಿರಸ್ಕಾರಪದಂ.

ವೃತ್ತಿ: ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದಾಗ ಕವಿಗಳ ಪ್ರಯೋಗಗಳನ್ನು ಆಯ್ದು ಉದಾಹರಣೆ ಕೊಟ್ಟ. ಭಟ್ಟಾಕಳಂಕ 1604ರಲ್ಲಿ 592 ಸೂತ್ರಗಳಲ್ಲಿ ಕನ್ನಡವನ್ನು ಕಟ್ಟಿಹಾಕಿದ, ಅದೂ ಸಂಸ್ಕೃತದಲ್ಲಿ. ಚಟ್ನಿ ನೀರಾದಾಗ ಗಿರಾಕಿಯ ಬಾಯಿಂದ ಹೊರಡುವ ಪದ ಯಾವ ಗಣಕ್ಕೆ ಸೇರುತ್ತದೆ ಎಂಬುದನ್ನು ಮಾತ್ರ ಇಬ್ಬರೂ ಹೇಳದೆ ಹೋದರು. ಪೂರ್ವಾಚಾರ್ಯರ ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಗ್ರಂಥದ ಪ್ರಯೋಜನ. ವಿಷಯ: ಒಲ್ಲೆ ಎನ್ನಲು ನಾವು ಇಂಗ್ಲಿಷಿನಿಂದ ತಂದುಕೊಂಡ ಪದಗಳು ಮತ್ತು ಅವು ಅಲ್ಲಿ, ಇಲ್ಲಿ, ದಾರಿಯಲ್ಲಿ ತಾಳಿದ ವೇಷಗಳು. ಅಧಿಕಾರಿ: ಜೀವಮಾನದಲ್ಲಿ ಒಮ್ಮೆಯಾದರೂ "ಪರವಾಗಿಲ್ಲ ಬಿಡಿ" ಎಂದು ಸುಳ್ಳು ಹೇಳಿದ ಯಾರಾದರೂ.

ಕ್ಷೇತ್ರ ಬಿಡದಿಯೇ ಏಕೆ ಎಂದು ಕೇಳುವವರಿದ್ದಾರೆ. ತಟ್ಟೆ ಇಡ್ಲಿಯ ಹೋಟೆಲು, ಜಪಾನಿ ಕಾರಿನ ಕಾರ್ಖಾನೆ, ಫಿಲ್ಮ್ ಸಿಟಿ, ಬಿಗ್‌ಬಾಸ್ ಮನೆ, ಬೆಂಗಳೂರಿನ ಕೊಳಚೆ ಬಂದು ಬೀಳುವ ಕೆರೆ, ಭೂಸ್ವಾಧೀನದ ನೋಟಿಸು, ಇಷ್ಟೂ ಒಂದೇ ಹೋಬಳಿಯಲ್ಲಿವೆ. ಒಲ್ಲೆ ಎನ್ನಲು ಇಷ್ಟೊಂದು ಕಾರಣ ಒಟ್ಟಿಗೆ ಸಿಕ್ಕುವ ಇನ್ನೊಂದು ಜಾಗವನ್ನು ಕರ್ನಾಟಕದಲ್ಲಿ ನಾವು ಕಾಣೆವು.

ಮೊದಲಿಗೆ ಮತಭೇದ. ತಿರಸ್ಕಾರಪದಗಳನ್ನು ಕಾವಿನ ಪ್ರಕಾರ ವಿಂಗಡಿಸಬೇಕು ಎಂಬುದು ಒಂದು ಪಕ್ಷ: ಬೇಜಾರು ಉಗುರು ಬೆಚ್ಚಗೆ, ಸಿಟ್ಟು ಬಿಸಿ, ದ್ವೇಷ ಕುದಿ. ಪದ ಹುಟ್ಟಿದ ಊರಿನ ಪ್ರಕಾರ ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯ ಎಂದು ವಿಂಗಡಿಸಬೇಕೆಂಬುದು ಇನ್ನೊಂದು ಪಕ್ಷ. ಈ ಪಕ್ಷದವರಿಗೆ ಬೇಜಾರು ಪಾರಸಿಯಿಂದ, ತಕರಾರು ಅರಬ್ಬಿಯಿಂದ, ಬೋರು ಇಂಗ್ಲಿಷಿನಿಂದ ಬಂದಿದೆ ಎಂದು ತೋರಿಸಿದರೆ ಸಾಕು, ತೃಪ್ತಿ. ನಮ್ಮ ಪಕ್ಷ ಎರಡಕ್ಕೂ ಬೇರೆ. ತಿರಸ್ಕಾರವನ್ನು ವಿಭಕ್ತಿಯಿಂದ ಅಳೆಯಬೇಕು. ವಾಕ್ಯದಲ್ಲಿ ಒಲ್ಲದವನು ಎಲ್ಲಿ ಕೂತಿದ್ದಾನೆ? ಮುಂದೆ ಕೂತಿದ್ದಾನೋ, ಮೂಲೆಯಲ್ಲೋ, ಇಲ್ಲ ಎದ್ದು ಹೋಗಿಬಿಟ್ಟಿದ್ದಾನೋ? ಅದನ್ನು ನೋಡಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ವಿಭಕ್ತಿಗೂ ಮುಂಚಿನದು ಥೂ, ಛೀ, ಇಸ್ಸಿ. ಇವಕ್ಕೆ ಕರ್ತೃ ಇಲ್ಲ, ಕರ್ಮ ಇಲ್ಲ, ಮುಖ ಒಂದಿದ್ದರೆ ಸಾಕು. ಭರತಮುನಿ ಈ ಕುಲಕ್ಕೆ ಜುಗುಪ್ಸೆ ಎಂಬ ಸ್ಥಾಯಿಯನ್ನೂ ಬೀಭತ್ಸ ಎಂಬ ರಸವನ್ನೂ ಕೊಟ್ಟು, ರಸಕ್ಕೆ ಮಹಾಕಾಲನನ್ನು ದೇವತೆಯಾಗಿ, ನೀಲಿಯನ್ನು ಬಣ್ಣವಾಗಿ ಗೊತ್ತು ಮಾಡಿದ. ಬೈರಮಂಗಲದ ಕೆರೆಗೆ ಬಂದು ಸೇರುವ ವೃಷಭಾವತಿಯನ್ನು ಆತ ನೋಡಿರಲಿಲ್ಲ, ನೋಡಿದ್ದರೆ ಕಪ್ಪು ಎನ್ನುತ್ತಿದ್ದ, ಮೇಲೆ ಬಿಳಿ ನೊರೆ ಎಂದು ಸೇರಿಸುತ್ತಿದ್ದ. ಆ ಕೆರೆ ದಂಡೆಯ ಊರುಗಳಲ್ಲಿ "ಸ್ಮೆಲ್ ಬರ್ತೈತೆ" ಎಂದರೆ ಮಲ್ಲಿಗೆಯ ಮಾತಲ್ಲ ಎಂದು ಮಕ್ಕಳಿಗೂ ಗೊತ್ತು. ಇಂಗ್ಲಿಷಿನಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಲ್ಲುವ ಪದ ಇಲ್ಲಿಗೆ ಬಂದು ಕೆಟ್ಟದ್ದಕ್ಕೆ ಮಾತ್ರ ಮೀಸಲಾಯಿತು. ಇದಕ್ಕೆ ಬಿಡದಿಯವರನ್ನು ದೂರುವಂತಿಲ್ಲ. ಇಂಗ್ಲಿಷರ ಸ್ಟಿಂಕ್ ಕೂಡ ಸಾವಿರ ವರ್ಷದ ಹಿಂದೆ ಪರಿಮಳಕ್ಕೂ ಸಲ್ಲುತ್ತಿತ್ತು, ತಮಿಳರ ನಾಟ್ರಮ್ ಒಂದು ಕಾಲದಲ್ಲಿ ಸುವಾಸನೆಯಾಗಿತ್ತು. ವಾಸನೆಯ ಪದಗಳು ಎಲ್ಲ ನಾಡಿನಲ್ಲೂ ಕೆಳಕ್ಕೇ ಹರಿಯುತ್ತವೆ. ಈ ನಿಯಮಕ್ಕೆ ಅಪವಾದವನ್ನು ಕಂಡವರು ತಿಳಿಸಿದರೆ ಮುಂದಿನ ಮುದ್ರಣದಲ್ಲಿ ಸೇರಿಸಲಾಗುವುದು.

ಈಗ ಚತುರ್ಥೀ ತಿರಸ್ಕಾರ. ಇದು ಕನ್ನಡದ ನಿಜವಾದ ಸೊತ್ತು. "ನಂಗೆ ಸೇರಲ್ಲ", "ನಂಗೆ ಹಿಡಿಸ್ಲಿಲ್ಲ", "ನಂಗೆ ಒಗ್ಗಲ್ಲ", "ಅವನನ್ ಕಂಡ್ರೆ ನಂಗಾಗಲ್ಲ". ನಾಲ್ಕರಲ್ಲೂ ನಾನು ಕರ್ತೃವಲ್ಲ. ಸೇರದೆ ಹೋದದ್ದು ಇಡ್ಲಿ, ಹಿಡಿಸದೆ ಹೋದದ್ದು ಚಟ್ನಿ. ನಾನು ಸುಮ್ಮನೆ ತಟ್ಟೆಯ ಮುಂದೆ ಚತುರ್ಥೀ ವಿಭಕ್ತಿಯಲ್ಲಿ ಕೂತಿದ್ದೆ, ತಪ್ಪು ನಡೆದದ್ದು ಅತ್ತ ಕಡೆ. ಹೋಟೆಲಿನವನಿಗೂ ಇದರಿಂದ ಅವಮಾನವಾಗುವುದಿಲ್ಲ. ಅವನ ಚಟ್ನಿಗೂ ನನ್ನ ನಾಲಿಗೆಗೂ ಋಣಾನುಬಂಧ ಇರಲಿಲ್ಲ, ಅಷ್ಟೆ.

ಈ ಮರ್ಯಾದೆ ಕನ್ನಡಕ್ಕೆ ಮಾತ್ರ ಸೀಮಿತ ಎಂದು ಬೀಗುವ ಮೊದಲು ಹಳೆಯ ಇಂಗ್ಲಿಷನ್ನೂ ನೋಡಬೇಕು. ಲೈಕ್ ಎಂಬ ಕ್ರಿಯಾಪದ ಹುಟ್ಟುವಾಗ ನಮ್ಮ ಹಿಡಿಸು ಇದ್ದ ಹಾಗೆಯೇ ಇತ್ತು. ಇಂಗ್ಲಿಷರೂ "ಅದು ನನಗೆ ಹಿಡಿಸುತ್ತದೆ" ಎಂಬ ಧಾಟಿಯಲ್ಲಿ ಹೇಳುತ್ತಿದ್ದರು, ವಸ್ತು ಕರ್ತೃವಾಗಿ, ಮನುಷ್ಯ ಚತುರ್ಥಿಯಲ್ಲಿ. ಷೇಕ್ಸ್‌ಪಿಯರನ ಕಾಲಕ್ಕೂ ಈ ಪ್ರಯೋಗ ಪೂರ್ತಿ ಸತ್ತಿರಲಿಲ್ಲ. ಹಿಡಿಸದೆ ಹೋದದ್ದಕ್ಕೆ ಮಿಸ್‌ಲೈಕ್ ಎಂಬ ಪದವಿತ್ತು. 16ನೇ ಶತಮಾನದ ನಡುವೆ ಡಿಸ್‌ಲೈಕ್ ಬಂದು ಅದನ್ನು ಮೆಲ್ಲಗೆ ಹೊರಹಾಕಿತು. ಅಷ್ಟರಲ್ಲಿ ಇಂಗ್ಲಿಷರ ಮನುಷ್ಯ ಚತುರ್ಥಿಯಿಂದ ಎದ್ದು ಪ್ರಥಮೆಗೆ ಬಂದು ಕುಳಿತಿದ್ದ: ನಾನು ಮೆಚ್ಚುತ್ತೇನೆ, ನಾನು ಮೆಚ್ಚೆ. ರುಚಿಯ ಜವಾಬ್ದಾರಿ ಇಡ್ಲಿಯ ಕೈಬಿಟ್ಟು ತಿನ್ನುವವನ ತಲೆಗೆ ಬಂದದ್ದು ಹೀಗೆ. ಇಂಗ್ಲಿಷರು ಆಮೇಲೆ ಲೋಕವನ್ನೆಲ್ಲ ಆಳಿದ್ದಕ್ಕೂ ಈ ವಿಭಕ್ತಿಪಲ್ಲಟಕ್ಕೂ ಸಂಬಂಧವಿದೆಯೆಂದು ವಾದಿಸಲು ನಮಗೆ ಆಸೆಯಿದೆ, ಆಧಾರವಿಲ್ಲ.

ಕನ್ನಡಿಗನನ್ನು ಪ್ರಥಮೆಯಲ್ಲಿ ಕೂರಿಸಿ ನೋಡಿ. "ನಾನು ನಿನ್ನನ್ನು ದ್ವೇಷಿಸುತ್ತೇನೆ." ಈ ವಾಕ್ಯವನ್ನು ಡಬ್ಬಿಂಗ್ ಧಾರಾವಾಹಿಯ ಹೊರಗೆ ಜೀವಂತ ಮನುಷ್ಯರು ಆಡಿದ್ದನ್ನು ಬಿಡದಿಯಲ್ಲಿ ಕೇಳಿದವರಿಲ್ಲ. ಜಗಳದಲ್ಲಿ ನಿಜಕ್ಕೂ ಅಂಥದ್ದು ಹೇಳಬೇಕಾದಾಗ ಕಾಲೇಜಿನ ಹುಡುಗಿ "ಐ ಹೇಟ್ ಯೂ" ಎನ್ನುತ್ತಾಳೆ. ಅವಳ ಅಜ್ಜಿ ಅದೇ ಪ್ರಸಂಗದಲ್ಲಿ "ನಿನ್ ಮಖ ಕಂಡ್ರೆ ನಂಗಾಗಕಿಲ್ಲ ಕಣ್ಲಾ" ಎಂದಿರುತ್ತಿದ್ದಳು. ಇಂಗ್ಲಿಷು ಬಂದದ್ದು ಫ್ಯಾಷನ್ನಿಗೆ ಎಂದು ತಿಳಿದವರು ಇಲ್ಲಿ ಮತ್ತೊಮ್ಮೆ ಯೋಚಿಸಬೇಕು. ಅಜ್ಜಿಯ ವಾಕ್ಯದಲ್ಲಿ ಅಪರಾಧ ಮುಖದ್ದು, ಮೊಮ್ಮಗಳ ವಾಕ್ಯದಲ್ಲಿ ತೀರ್ಮಾನ ತನ್ನದು. ಹುಡುಗಿಗೆ ಬೇಕಾದದ್ದು ಆ ಪ್ರಥಮಾ ವಿಭಕ್ತಿ.

ಇನ್ನು ಸಮಾಸ. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಗಂಟು ಹಾಕಿದರೆ ಅದನ್ನು ನಮ್ಮ ವೈಯಾಕರಣರು ಅರಿಸಮಾಸ ಎಂದು ಕರೆದರು. ಅರಿ ಎಂದರೆ ಶತ್ರು. ತಿರಸ್ಕಾರಶಾಸ್ತ್ರಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಇಲ್ಲ. ಬಂಡಲ್ ಪಿಚ್ಚರು, ವೇಸ್ಟ್ ನನ್ಮಗ, ಡಕೋಟಾ ಗಾಡಿ, ಬ್ಲೇಡ್ ಮೇಷ್ಟ್ರು, ಸಂಸ್ಕೃತದ ಜಾಗದಲ್ಲಿ ಇಂಗ್ಲಿಷು ಕೂತ ಇವೆಲ್ಲ ಶುದ್ಧ ಅರಿಸಮಾಸಗಳು, ರೂಪದಲ್ಲೂ ಅರ್ಥದಲ್ಲೂ. ಒಂದು ಸಂಗತಿ ಗಮನಿಸಿ. ಇಂಗ್ಲಿಷಿನಲ್ಲಿ ತಿರಸ್ಕಾರಕ್ಕೆಂದೇ ಮೀಸಲಿಟ್ಟ ದೊಡ್ಡ ಪದಗಳಿವೆ: ಲೋತ್, ಡಿಟೆಸ್ಟ್, ಅಬ್ಹಾರ್. ಇವು ಹೈಸ್ಕೂಲಿನ ಪಠ್ಯಪುಸ್ತಕದ ಕೊನೆಯ ಪುಟದ ತನಕ ಬಂದವು, ಮೈಸೂರು ಬಸ್ಸು ಹತ್ತಲಿಲ್ಲ. ನಾವು ಎತ್ತಿಕೊಂಡದ್ದು ನಿರಪರಾಧಿ ನಾಮಪದಗಳನ್ನು. ಬಂಡಲ್ ಯಾರಿಗೆ ಏನು ಮಾಡಿತ್ತು? ಡಕೋಟಾ ಎರಡನೇ ಮಹಾಯುದ್ಧದಲ್ಲಿ ಕಷ್ಟಪಟ್ಟು ದುಡಿದ ವಿಮಾನದ ಹೆಸರು, ನಮ್ಮಲ್ಲಿ ಅದು ದಾರಿಯಲ್ಲಿ ನಿಲ್ಲುವ ಮೆಟಡೋರಿನ ಬಿರುದಾಯಿತು. ತಡವಾಗಿ ಅರ್ಥಮಾಡಿಕೊಳ್ಳುವವನು ಟ್ಯೂಬ್‌ಲೈಟು. ಈಗಿನ ಎಲ್‌ಇಡಿ ಬಲ್ಬು ಸ್ವಿಚ್ ಹಾಕಿದ ಕೂಡಲೇ ಹತ್ತುತ್ತದೆ. ಕಣ್ಣು ಮಿಟುಕಿಸಿ ಮಿಟುಕಿಸಿ ಹತ್ತುವ ದೀಪವನ್ನೇ ನೋಡದ ಮಗು ಕೂಡ ತಮ್ಮನನ್ನು ಟ್ಯೂಬ್‌ಲೈಟು ಎಂದು ಬೈಯುತ್ತದೆ. ವಸ್ತು ಗುಜರಿಗೆ ಹೋದರೂ ಬೈಗುಳ ಚಾಲ್ತಿಯಲ್ಲಿರುತ್ತದೆ.

ಬೋರಿನದು ಬೇರೆಯೇ ಕಥೆ. ಬೇಸರ ಹುಟ್ಟಿಸು ಎಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಈ ಪದ ಕಂಡದ್ದು 18ನೇ ಶತಮಾನದ ನಡುವೆ, ಹೊಟ್ಟೆ ತುಂಬಿದವರ ಮನೆಗಳಲ್ಲಿ. ನಮ್ಮಲ್ಲಿ "ಬೋರು ಹೊಡೀತೈತೆ" ಎಂಬುದಕ್ಕೆ ಎರಡು ಅರ್ಥ, ಎರಡೂ ಬತ್ತುವುದಕ್ಕೆ ಸಂಬಂಧಿಸಿದ್ದು. ಒಂದರಲ್ಲಿ ಮನಸ್ಸು ಬತ್ತಿದೆ, ಇನ್ನೊಂದರಲ್ಲಿ ಬಾವಿ ಬತ್ತಿದೆ. ತೋಟದಲ್ಲಿ ನಿಂತವನು ಹೇಳಿದರೆ ಕೊಳವೆಬಾವಿಯ ಲಾರಿ ಬಂದಿದೆ ಎಂದರ್ಥ, ಸಿನಿಮಾ ಮಂದಿರದಲ್ಲಿ ಕೂತವನು ಹೇಳಿದರೆ ಇಂಟರ್ವಲ್ ಇನ್ನೂ ಆಗಿಲ್ಲ ಎಂದರ್ಥ. ಸಾವಿರ ಅಡಿ ಕೊರೆದೂ ನೀರು ಬಾರದ ರೈತನಿಗೆ ಎರಡು ಅರ್ಥವೂ ಒಂದೇ.

ಸಿನಿಮಾದ ಮಾತು ಬಂದದ್ದರಿಂದ ಫ್ಲಾಪಿನ ಬಗ್ಗೆ ಒಂದು ಟಿಪ್ಪಣಿ. ಹಿಂತೆಗೆದುಕೊಳ್ಳಬಹುದಾದ ತಿರಸ್ಕಾರ ಇದೊಂದೇ. ರಾಮನಗರದ ಬಂಡೆಗಳ ನಡುವೆ ತೆಗೆದ ಶೋಲೆಯನ್ನು 1975ರ ಆಗಸ್ಟಿನಲ್ಲಿ ಬಿಡುಗಡೆಯಾದ ಹೊಸತರಲ್ಲಿ ಫ್ಲಾಪ್ ಎಂದವರು ವ್ಯಾಪಾರ ತಿಳಿದ ಜನ. ಮುಂಬೈಯ ಮಿನರ್ವಾದಲ್ಲಿ ಅದು ಐದು ವರ್ಷ ಓಡಿತು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಆಡುವ ತಿರಸ್ಕಾರವನ್ನು ಹಾಗೆ ಹಿಂತೆಗೆದುಕೊಳ್ಳಲಾಗದು. ಬೇರೆಲ್ಲ ಕಡೆ ಡಬಲ್ ಎಂದರೆ ಲಾಭ. ಅಲ್ಲಿ ಡಬಲ್ ಗೂಡು ಎಂದರೆ ಎರಡು ಹುಳು ಒಂದೇ ಗೂಡು ಕಟ್ಟಿ ಎಳೆ ಎಳೆಗೆ ಸಿಕ್ಕಾದದ್ದು, ಬೆಲೆ ಬಿದ್ದದ್ದು.

ಈಗ ಈ ಗ್ರಂಥದ ಮುಖ್ಯ ಪ್ರಕರಣ: ಕರ್ತೃಲೋಪ. ಒಲ್ಲದವನು ಚತುರ್ಥಿಯಿಂದಲೂ ಎದ್ದು, ಪ್ರಥಮೆಯಲ್ಲೂ ಕೂರದೆ, ವಾಕ್ಯದಿಂದಲೇ ಹೊರಗೆ ನಡೆದುಬಿಡುವುದು.

1999ರ ಡಿಸೆಂಬರಿನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕ್ವಾಲಿಸ್ ಕಾರಿನ ತಯಾರಿಕೆ ಶುರುವಾಯಿತು. ಅದರ ಹಿಂದೆಯೇ ಬಿಡಿಭಾಗ ಮಾಡುವ ಕಂಪನಿಗಳು, ಅವುಗಳ ಹಿಂದೆ ಐಟಿಐ ಮುಗಿಸಿದ ಹುಡುಗರು, ಹುಡುಗರ ಜೊತೆಗೆ ಎನ್‌ಜಿ. ನೋ ಗುಡ್ ಎಂಬುದರ ಮೊದಲಕ್ಷರಗಳು ಇವು. ಪದಗಳು ಇಂಗ್ಲಿಷಿನವು, ಆದರೆ ಕೆಟ್ಟ ಮಾಲಿನ ಮೇಲೆ ಅಚ್ಚೊತ್ತುವ ಈ ಸಂಕ್ಷೇಪವನ್ನು ಮನೆಮಾತು ಮಾಡಿಕೊಂಡವರು ಜಪಾನೀಯರು. ಅವರ ಕಾರ್ಖಾನೆಗಳಲ್ಲಿ ಮಾಲು ಓಕೆ ಅಥವಾ ಎನ್‌ಜಿ, ಅವರ ಸ್ಟುಡಿಯೋಗಳಲ್ಲಿ ಕೆಟ್ಟ ಟೇಕ್ ಎನ್‌ಜಿ. ಲಂಡನ್ನಿನಿಂದ ಹೊರಟ ತಿರಸ್ಕಾರ ಟೋಕಿಯೋ ಸುತ್ತಿಕೊಂಡು ಬಿಡದಿಗೆ ಬಂದಿದೆ, ಲಂಡನ್ನಿನವನಿಗೆ ತೋರಿಸಿದರೆ ಗುರುತು ಹಿಡಿಯಲಾರ. ಸೋಜಿಗವೆಂದರೆ ಇದೇ ಹೋಬಳಿಯ ಫಿಲ್ಮ್ ಸಿಟಿಯೊಳಗೆ ಅಸಿಸ್ಟೆಂಟ್ ಡೈರೆಕ್ಟರ್ ತನ್ನ ಹಾಳೆಯಲ್ಲಿ ಕೆಟ್ಟ ಟೇಕಿನ ಮುಂದೆ ಬರೆಯುವುದೂ ಎನ್‌ಜಿಯೇ. ರಸ್ತೆಯ ಒಂದು ಪಕ್ಕ ಬಂಪರ್ ಎನ್‌ಜಿ, ಇನ್ನೊಂದು ಪಕ್ಕ ಬಿಕ್ಕಳಿಕೆ ಎನ್‌ಜಿ.

ಈ ಪದದಲ್ಲಿ ಯಾರಿಗೆ ಹಿಡಿಸಲಿಲ್ಲ ಎಂಬುದೇ ಇಲ್ಲ. ಗೇಜಿಗೆ ಹಿಡಿಸಲಿಲ್ಲ, ಅಷ್ಟೆ. ಟೊಯೊಟಾ ಪದ್ಧತಿಯಲ್ಲಿ ಮಾತೂ ಬೇಕಿಲ್ಲ. ಆಂಡನ್ ಎಂದು ಅಲ್ಲೊಂದು ಏರ್ಪಾಡಿದೆ, ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದರೆ ದೀಪ ಹತ್ತುತ್ತದೆ, ತಪ್ಪು ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ದಂಡಕ್ಕೆ ಮುದಾ ಎನ್ನುತ್ತಾರೆ. ತಾಯಿಚಿ ಓನೊ ಅದನ್ನು ಏಳು ಬಗೆಯಾಗಿ ವಿಂಗಡಿಸಿದ. ವರ್ಗೀಕರಣದಲ್ಲಿ ನಮಗೆ ಆತ ಪೂರ್ವಸೂರಿ. ಅವನ ಪಟ್ಟಿಯಲ್ಲಿ ಕಾಯುವುದೂ ಮುದಾ. ಅದನ್ನು ಬಿಡದಿ ಸುತ್ತಲಿನ ಅರಳಿಕಟ್ಟೆಗಳಿಗೆ ಅನ್ವಯಿಸಿದರೆ ಮಧ್ಯಾಹ್ನಕ್ಕೆ ಮಧ್ಯಾಹ್ನವೇ ಸ್ಕ್ರ್ಯಾಪಿಗೆ ಹೋಗಬೇಕು.

ಪದ ಕಾರ್ಖಾನೆಯ ಗೇಟು ದಾಟಿ ಮನೆಗೂ ಬರುತ್ತದೆ. ಕ್ವಾಲಿಟಿ ಸೆಕ್ಷನ್ನಿನಲ್ಲಿ ಕೆಲಸ ಮಾಡುವ ಹುಡುಗಿಗೆ ಅವಳ ತಾಯಿ ವರನ ಫೋಟೋ ತೋರಿಸುತ್ತಾಳೆ ಎನ್ನಿ. ಸಂವಾದ ಹೀಗೆ ಸಾಗುತ್ತದೆ:

"ಎಂಗವ್ನೆ ನೋಡೇ, ಚನ್ನಪಟ್ಟಣದೋರು, ಎರಡೆಕರೆ ತೆಂಗೈತೆ."

"ಎನ್‌ಜಿ ಕಣವ್ವ."

"ಅಂಗಂದ್ರೇನೇ?"

"ಓಕೆ ಅಲ್ಲ ಅಂತ."

"ಇನ್ನೊಂದ್ ಕಿತ ಸರ್ಯಾಗ್ ನೋಡು, ಗಡ್ಡ ತೆಗೆಸಿದ್ರೆ ಚೆಂದಾಗವ್ನೆ."

"ರೀವರ್ಕಿಗೂ ಬರಲ್ಲ ಬಿಡವ್ವ."

ಅಜ್ಜಿಯ ಚತುರ್ಥಿ, ಕಾಲೇಜು ಹುಡುಗಿಯ ಪ್ರಥಮೆ, ಇಲ್ಲಿ ಎರಡೂ ಇಲ್ಲ. ಯಾರ ಮನಸ್ಸೂ ನೋಯಬಾರದು, ಯಾರ ಮನಸ್ಸೂ ವಾಕ್ಯದಲ್ಲಿ ಇರಬಾರದು. ತಿರಸ್ಕಾರಪದಗಳಲ್ಲಿ ಅತಿ ಮೃದುವಾದದ್ದು ಇದು, ಮೇಲ್ಮನವಿ ಇಲ್ಲದ್ದೂ ಇದೇ.

ಇದೇ ಗಣಕ್ಕೆ ಸೇರಿದ್ದು ಎಲಿಮಿನೇಟ್. ಕನ್ನಡದ ಬಿಗ್‌ಬಾಸ್ ಮನೆ ಮೂರನೇ ಸೀಸನ್ನಿನಲ್ಲಿ ಬಿಡದಿಗೆ ಬಂತು. ಲ್ಯಾಟಿನ್ನಿನಲ್ಲಿ ಈ ಪದಕ್ಕೆ ಹೊಸ್ತಿಲಿನಿಂದ ಆಚೆಗೆ ನೂಕು ಎಂದು ಅರ್ಥ, ಎರಡು ಸಾವಿರ ವರ್ಷ ಅಲೆದು ಅದು ಮತ್ತೆ ನಿಜವಾದ ಹೊಸ್ತಿಲೊಂದನ್ನು ಕಂಡದ್ದು ನಮ್ಮ ಹೋಬಳಿಯಲ್ಲಿ. ನಾಮಿನೇಟ್ ಎಂಬುದು ಲೋಕದಲ್ಲೆಲ್ಲ ಗೌರವ: ಸಮಿತಿಗೆ, ಪ್ರಶಸ್ತಿಗೆ, ವಿಧಾನ ಪರಿಷತ್ತಿಗೆ. ಆ ಮನೆಯೊಳಗೆ ಮಾತ್ರ ಅದು ಒಲ್ಲೆ ಎನ್ನುವುದರ ನಾಜೂಕು ರೂಪ. ಈಗ ಹಳ್ಳಿಯ ಸ್ವಸಹಾಯ ಸಂಘದಲ್ಲೂ "ನಿನ್ನ ನಾಮಿನೇಟ್ ಮಾಡಿದ್ರು" ಎಂದರೆ ಅಭಿನಂದಿಸಬೇಕೋ ಸಮಾಧಾನ ಮಾಡಬೇಕೋ ತಿಳಿಯದಾಗಿದೆ. ಎಲಿಮಿನೇಟಿನ ಕರ್ತೃ ಜನತೆಯ ಮತ, ಎಂದರೆ ಯಾರೂ ಅಲ್ಲ. 2025ರ ಅಕ್ಟೋಬರಿನಲ್ಲಿ ಒಂದು ವಿಶೇಷ ಪ್ರಯೋಗ ಸಿಕ್ಕಿತು. ಕೊಳಚೆ ನೀರಿನ ವಿಚಾರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ನೋಟಿಸಿನ ಮೇಲೆ ಆ ವರ್ಷದ ಮನೆ ಇದ್ದ ಸ್ಟುಡಿಯೋಕ್ಕೇ ಬೀಗ ಬಿತ್ತು, ಸ್ಪರ್ಧಿಗಳೆಲ್ಲ ಒಟ್ಟಿಗೆ ಹೊಸ್ತಿಲು ದಾಟಿ ರೆಸಾರ್ಟಿಗೆ ಹೋದರು, ಬೇಗನೆ ಬೀಗ ತೆರೆದು ವಾಪಸಾದರು. ಎಲಿಮಿನೇಟ್ ಆದದ್ದು ಮನೆ. ವಿಶೇಷ ಪ್ರಯೋಗ ಅಪವಾದವೆಂದು ಗ್ರಾಹ್ಯ.

ಯೂಟ್ಯೂಬಿನ ಕೆಳಮುಖದ ಹೆಬ್ಬೆರಳೂ ಈ ಗಣದ್ದೇ. 2021ರ ನವೆಂಬರಿನಿಂದ ಎಷ್ಟು ಜನ ಒತ್ತಿದರೆಂಬ ಲೆಕ್ಕವನ್ನು ನೋಡುಗರಿಂದ ಮುಚ್ಚಿಟ್ಟಿದ್ದಾರೆ. 16ನೇ ಶತಮಾನದಲ್ಲಿ ಪ್ರಥಮೆಗೆ ಏರಿ ಕುಳಿತ ಡಿಸ್‌ಲೈಕ್ ಈಗ ಹೆಸರಿಲ್ಲದೆ, ಲೆಕ್ಕವಿಲ್ಲದೆ ಒಂದು ಗುಂಡಿಯಾಗಿದೆ. ಕ್ರಿಂಜ್, ಟಾಕ್ಸಿಕ್, ಮಿಡ್ ಎಂಬ ಹೊಸ ಮಕ್ಕಳ ಪದಗಳು ಇನ್ನೂ ಪೂರ್ತಿ ಬೆಂದಿಲ್ಲ. ಗ್ರಂಥಕರ್ತರು ಅವನ್ನು ಮುಟ್ಟುವುದಿಲ್ಲ. ಟಾಕ್ಸಿಕ್ ಎಂಬುದರ ಮೂಲ ಗ್ರೀಕರ ಬಿಲ್ಲು, ಅಲ್ಲಿಂದ ಬಾಣಕ್ಕೆ ಸವರುವ ವಿಷ ಎಂಬಷ್ಟನ್ನು ಹೇಳಿ ಮುಂದೆ ಹೋಗುತ್ತೇವೆ.

ಕರ್ತೃಲೋಪದ ಪರಾಕಾಷ್ಠೆ ಬೈಪಾಸ್. ಇಗ್ನೋರ್ ಎಂಬ ಇಂಗ್ಲಿಷ್ ಪದಕ್ಕೆ 17ನೇ ಶತಮಾನದಲ್ಲಿ ತಿಳಿಯದಿರು ಎಂದಷ್ಟೇ ಅರ್ಥವಿತ್ತು, ತಿಳಿದೂ ನೋಡದಿರು ಎಂಬ ಅರ್ಥ ಆಮೇಲೆ ಸೇರಿತು. ನಮ್ಮಲ್ಲಿ ಅದಕ್ಕೆ ಕಾಂಕ್ರೀಟು ಹಾಕಿದರು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿಯನ್ನು, ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಹೋಯಿತು. ಇಡ್ಲಿ ಹಿಡಿಸಲಿಲ್ಲ ಎಂದು ಯಾರೂ ಹೇಳಲಿಲ್ಲ, ಚಟ್ನಿಗೆ ಥೂ ಎಂದವರೂ ಇಲ್ಲ. ಗಿರಾಕಿ ಮೇಲಿನ ರಸ್ತೆಯಲ್ಲಿ ಹೋಗುತ್ತಿದ್ದಾನೆ, ಅಷ್ಟೆ. ಬೈದಿದ್ದರೆ ಬೆಣ್ಣೆ ಇನ್ನೊಂದಿಷ್ಟು ಹಾಕಬಹುದಿತ್ತು.

ಉಳಿದದ್ದು ಷಷ್ಠೀ ತಿರಸ್ಕಾರ, ಕಚೇರಿ ಕನ್ನಡದ ಕೊಡುಗೆ. "ಸದರಿ ಜಮೀನಿನ ಸ್ವಾಧೀನಕ್ಕೆ ನನ್ನ ತೀವ್ರ ಆಕ್ಷೇಪಣೆ ಇರುತ್ತದೆ." ಹಳಬರು ತಕರಾರು ಎನ್ನುತ್ತಾರೆ, ವಕೀಲರು ಅಬ್ಜೆಕ್ಷನ್ ಎನ್ನುತ್ತಾರೆ. ಇಲ್ಲಿ ಒಲ್ಲದವನು ಕರ್ತೃವಲ್ಲದಿದ್ದರೂ ಮಾಲೀಕ. ಹೊಲ ತನ್ನದೆಂಬ ಹಾಗೆ ತಕರಾರೂ ತನ್ನದು. ಜಮೀನಿನ ಜಗಳ ಇಂಗ್ಲಿಷಿಗೂ ಒಂದು ಪದ ಕೊಟ್ಟಿದೆ: 1880ರಲ್ಲಿ ಐರ್ಲೆಂಡಿನ ಗೇಣಿದಾರರು ಜಮೀನ್ದಾರನ ಏಜೆಂಟನೊಬ್ಬನ ಜೊತೆ ಮಾತು, ವ್ಯಾಪಾರ, ಕೂಲಿ ಎಲ್ಲ ನಿಲ್ಲಿಸಿದರು, ಅವನ ಹೆಸರು ಬಾಯ್ಕಾಟ್. ತಿರಸ್ಕಾರಕ್ಕೆ ತನ್ನ ಹೆಸರನ್ನೇ ಕೊಟ್ಟು ಹೋದ ಪುಣ್ಯಾತ್ಮ.

ಆದರೆ ಷಷ್ಠಿಯನ್ನು ಸರ್ಕಾರ ಸುಲಭವಾಗಿ ಕೊಡಲಿಲ್ಲ. ಬ್ರಿಟಿಷರ 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಸ್ವಾಧೀನವೇ ಬೇಡ ಎನ್ನಲು ಸೆಕ್ಷನ್ ಇರಲಿಲ್ಲ, ಪರಿಹಾರ ಕಡಿಮೆ ಎನ್ನಬಹುದಿತ್ತು. 5ಎ ಎಂಬ ಸೆಕ್ಷನ್ ಸೇರಿ, 30 ದಿನದೊಳಗೆ ಒಲ್ಲೆ ಎನ್ನುವ ಹಕ್ಕು ಬಂದದ್ದು 1923ರಲ್ಲಿ. ಕೈಗಾರಿಕೆಗೆ ಜಮೀನು ಹಿಡಿಯುವ ಕೆಐಎಡಿಬಿಯ 1966ರ ಕಾಯ್ದೆಯೂ 30 ದಿನವನ್ನೇ ಕೊಟ್ಟಿತು. 2013ರ ಕೇಂದ್ರ ಕಾಯ್ದೆಯ 15ನೇ ಸೆಕ್ಷನ್ 60 ದಿನ ಕೊಡುತ್ತದೆ. 2025ರಲ್ಲಿ ಬಿಡದಿ ಟೌನ್‌ಶಿಪ್ಪಿಗೆಂದು ಒಂಬತ್ತು ಸಾವಿರ ಎಕರೆ ಆಸುಪಾಸಿನ ಸ್ವಾಧೀನದ ಮಾತು ಬಂದಾಗ ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ ರೈತರು ಧರಣಿ ಕೂತರು, ತಕರಾರು ಬರೆದುಕೊಟ್ಟರು. ಈ ಹೋಬಳಿಯಲ್ಲಿ ಇಂದು ಆಡುವ ತಿರಸ್ಕಾರಪದಗಳಲ್ಲಿ ಹೆಸರು, ಊರು, ಸರ್ವೆ ನಂಬರು ಸಮೇತ ಇರುವುದು ಇದೊಂದೇ. ಹೀಗಾಗಿ ಶಾಸ್ತ್ರದ ದೃಷ್ಟಿಯಿಂದ ಇದೇ ಉತ್ತಮ, ಎನ್‌ಜಿ ಅಧಮ, ಥೂ ಮಧ್ಯಮ.

ಓದುಗರಲ್ಲಿ ಜಮೀನಿದ್ದವರಿಗೆ ಒಂದು ಮಾತು. ನೋಟಿಸಿನ ತಲೆಯಲ್ಲೇ ಯಾವ ಕಾಯ್ದೆ, ಯಾವ ಸೆಕ್ಷನ್ ಎಂದು ಬರೆದಿರುತ್ತದೆ, ಗಡುವು ಅದರ ಮೇಲೆ ನಿಂತಿದೆ, ಮೊದಲು ಅದನ್ನು ಓದಿ. ಆಕ್ಷೇಪಣೆಯನ್ನು ಎರಡು ಪ್ರತಿ ಬರೆಯಿರಿ, ಸರ್ವೆ ನಂಬರೂ ವಿಸ್ತೀರ್ಣವೂ ಪಹಣಿಯಲ್ಲಿ ಇದ್ದ ಹಾಗೇ ಇರಲಿ. ಒಂದು ಪ್ರತಿಯನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮೊಹರು, ತಾರೀಖು, ಪಡೆದವರ ಸಹಿ ಹಾಕಿಸಿಕೊಳ್ಳಿ. ಅದಾಗದೆ ಮೆಟ್ಟಿಲು ಇಳಿಯಬೇಡಿ.